ನಕ್ಷತ್ರ ನೋಡಿ ಕಿಬ್ಲಾ ತಿಳಿಯೋಣ
(ತಲ್ಲೂರಿನಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)



ಕತ್ತಲೆಯಲ್ಲಿ ಕಿಬ್ಲಾ ಎತ್ತ ಎಂದು ಕೇಳಿದರೆ ಇಂದು ನಮ್ಮ ಕೈ ಮೊದಲು ಹೋಗುವುದು ಮೊಬೈಲಿಗೆ. ಕಡಲಿಗೆ ಹೋದ ದೋಣಿಯಲ್ಲಿ ಅದರ ಚಾರ್ಜ್ ಮುಗಿದರೆ? ರಾತ್ರಿ ಘಟ್ಟದ ರಸ್ತೆಯಲ್ಲಿ ವಾಹನ ಕೆಟ್ಟು ನಿಂತರೆ? ನೆಲ ಮತ್ತು ಕಡಲಿನ ಕತ್ತಲಲ್ಲಿ ದಾರಿ ತಿಳಿಯಲೆಂದು ಅಲ್ಲಾಹನು ನಕ್ಷತ್ರಗಳನ್ನು ಇಟ್ಟಿರುವುದನ್ನು ಅಲ್ ಅನ್‌ಆಮ್ ಅಧ್ಯಾಯದ 97ನೇ ವಚನ ನಮಗೆ ನೆನಪಿಸುತ್ತದೆ. ನಾವೋ, ತಲೆಯೆತ್ತಿ ನೋಡುವುದನ್ನೇ ಬಿಟ್ಟಿದ್ದೇವೆ.

14ನೇ ಶತಮಾನದಲ್ಲಿ ಇಬ್ನ್ ಬತೂತಾ ನಮ್ಮ ಹತ್ತಿರದ ಬಾರ್ಕೂರಿಗೆ ಬಂದಾಗ ಅಲ್ಲಿ ಮುಸ್ಲಿಮರು ನೆಲೆಸಿದ್ದುದನ್ನು ಕಂಡಿದ್ದರು. ಈ ಸಮುದ್ರದಲ್ಲಿ ಹಾಯಿಹಡಗು ನಡೆಸಿದ ಅರಬ್ ನಾವಿಕರು 'ಕಮಾಲ್' ಎಂಬ ಸಣ್ಣ ಹಲಗೆ ಮತ್ತು ಗಂಟು ಹಾಕಿದ ದಾರದಿಂದ ಧ್ರುವ ನಕ್ಷತ್ರದ ಎತ್ತರವನ್ನು ಬೆರಳಿನ ಲೆಕ್ಕದಲ್ಲಿ ಅಳೆಯುತ್ತಿದ್ದರು.

ನಮಗೆ ಕೈಯ ಮುಷ್ಟಿಯೇ ಸಾಕು. ಮೇ ತಿಂಗಳಲ್ಲಿ ಇಶಾ ನಮಾಝ್ ಮುಗಿಸಿ, ರಾತ್ರಿ ಒಂಬತ್ತರ ಸುಮಾರಿಗೆ ಅಂಗಳದ ದೀಪ ಆರಿಸಿ ಉತ್ತರಕ್ಕೆ ನೋಡಿ. ಸಪ್ತರ್ಷಿ ಮಂಡಲದ ಏಳು ನಕ್ಷತ್ರಗಳು ಮಗುಚಿದ ಸೌಟಿನಂತೆ ಎತ್ತರದಲ್ಲಿ ಕಾಣುತ್ತವೆ. ಸೌಟಿನ ಹಿಡಿಯಿಂದ ದೂರ ಇರುವ ಕೊನೆಯ ಎರಡು ನಕ್ಷತ್ರಗಳನ್ನು ಸೇರಿಸುವ ಗೆರೆಯನ್ನು ಕೆಳಕ್ಕೆ, ಅವುಗಳ ಅಂತರದ ಐದು ಪಟ್ಟು ಮುಂದುವರಿಸಿ. ಅಲ್ಲಿ ಒಂಟಿಯಾಗಿ ನಿಂತಿರುವುದೇ ಧ್ರುವ. ಕೈಚಾಚಿ ಹಿಡಿದ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ನಮ್ಮೂರಲ್ಲಿ ಧ್ರುವ ದಿಗಂತದಿಂದ ಒಂದೂವರೆ ಮುಷ್ಟಿಯೊಳಗೇ ಇದೆ. ಮಕ್ಕಾದಲ್ಲಿ ಅದೇ ನಕ್ಷತ್ರ ಎರಡು ಮುಷ್ಟಿಗಿಂತ ತುಸು ಮೇಲಿರುತ್ತದೆ.

ಧ್ರುವಕ್ಕೆ ಮುಖ ಮಾಡಿ ನಿಂತರೆ ನಿಮ್ಮ ಎಡಗಡೆ ಪಶ್ಚಿಮ. ಪಶ್ಚಿಮದಿಂದ ಉತ್ತರದ ಕಡೆಗೆ ಸುಮಾರು 18 ಡಿಗ್ರಿ, ಅಂದರೆ ಎರಡು ಮುಷ್ಟಿಗಿಂತ ಸ್ವಲ್ಪ ಕಡಿಮೆ ತಿರುಗಿ. ಅದೇ ನಮ್ಮ ಕಿಬ್ಲಾ. ತಾಳೆ ನೋಡಬೇಕೇ? ಮೇ 28ರ ಮಧ್ಯಾಹ್ನ 2.48ಕ್ಕೆ ಸೂರ್ಯ ಕಅಬಾದ ನೆತ್ತಿಯ ಮೇಲಿರುತ್ತಾನೆ. ಆಗ ಒಂದು ಕೋಲು ನೆಟ್ಟಗೆ ನಿಲ್ಲಿಸಿದರೆ ಅದರ ನೆರಳಿನ ವಿರುದ್ಧ ದಿಕ್ಕು ಕಿಬ್ಲಾ.

ಆದರೆ ನಕ್ಷತ್ರ ದಾರಿ ತೋರಿಸುತ್ತದೆಯೇ ಹೊರತು ಹಣೆಬರಹ ಹೇಳುವುದಿಲ್ಲ. ಪ್ರವಾದಿವರ್ಯರ(ಸ) ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯಗ್ರಹಣವಾಯಿತು. ಮಗುವಿನ ಸಾವೇ ಅದಕ್ಕೆ ಕಾರಣವೆಂದು ಜನ ಆಡಿಕೊಂಡರು. ಮಗನನ್ನು ಕಳೆದುಕೊಂಡ ಆ ದುಃಖದಲ್ಲೂ ಪ್ರವಾದಿವರ್ಯರು(ಸ) ಸುಮ್ಮನಿರಲಿಲ್ಲ. ಯಾರ ಹುಟ್ಟಿಗೂ ಸಾವಿಗೂ ಗ್ರಹಣ ಹಿಡಿಯದೆಂದು ಜನರನ್ನು ತಿದ್ದಿದರು. ಮಕ್ಕಳ ಮದುವೆಗೆ ನಕ್ಷತ್ರ ಕೇಳಿಸಲು ಹೋಗುವವರು ಇದನ್ನು ಮರೆಯಬಾರದು.

ಜೂನ್ ಬಂತೆಂದರೆ ಮೋಡ ಮುಚ್ಚುತ್ತದೆ. ಅದಕ್ಕೆ ಮುಂಚೆ ಒಂದು ರಾತ್ರಿ ಗಂಡುಮಕ್ಕಳನ್ನೂ ಹೆಣ್ಣುಮಕ್ಕಳನ್ನೂ ಅಂಗಳಕ್ಕೆ ಕರೆದು ಧ್ರುವವನ್ನು ತೋರಿಸಿ. ಕಿಬ್ಲಾ ಯಾವ ಕಡೆ ಎಂದು ಅವರ ಕೈಯಿಂದಲೇ ತೋರಿಸಲು ಹೇಳಿ. ತನ್ನ ನಿದರ್ಶನಗಳನ್ನು ಕಂಡು ಚಿಂತಿಸುವವರಲ್ಲಿ ಅಲ್ಲಾಹನು ನಮ್ಮನ್ನು ಸೇರಿಸಲಿ. ಆಮೀನ್.