ಮಕ್ಕಳ ಅಂಗಿ, ನಮ್ಮ ದಾಸೋಹ
(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಪರಿಸರ ಮತ್ತು ಶರಣ ಧರ್ಮ ಎಂಬ ವಿಷಯದ ಮೇಲೆ ಮಾತಾಡಲು ಪೂಜ್ಯರು ಅಪ್ಪಣೆ ಮಾಡಿದ್ದಾರೆ. ಅದು ದೊಡ್ಡ ವಿಷಯ. ನಾನು ಅದನ್ನು ಕೂಸಿನ ಅಂಗಿಯಷ್ಟು ಸಣ್ಣದು ಮಾಡಿಕೊಂಡು ಬಂದಿದ್ದೇನೆ.

ನಮ್ಮ ಹಿರಿಯರು ಆಗತಾನೆ ಹುಟ್ಟಿದ ಕೂಸಿಗೆ ಹೊಸ ಬಟ್ಟೆ ತೊಡಿಸುತ್ತಿರಲಿಲ್ಲ. ಅಜ್ಜನ ಧೋತರ, ಅಜ್ಜಿಯ ಸವೆದ ನೂಲಿನ ಸೀರೆ ಹರಿದು ಸುತ್ತುತ್ತಿದ್ದರು. ಎಷ್ಟೋ ಸಲ ಒಗೆದ ಆ ಬಟ್ಟೆಯಲ್ಲಿ ಗಂಜಿಯೂ ಇರುತ್ತಿರಲಿಲ್ಲ, ಬಿಡುವ ಬಣ್ಣವೂ ಇರುತ್ತಿರಲಿಲ್ಲ. ಕೂಸಿನ ಕುಂಚಿಗೆ ಮುಂದೆ ಹುಟ್ಟುವ ಕೂಸಿಗೆ ಉಳಿಯುತ್ತಿತ್ತು. ತೀರ ಹರಿದದ್ದು ಕೌದಿಯ ಪದರಾಗುತ್ತಿತ್ತು. ಪರಿಸರ ಎಂಬ ಮಾತನ್ನು ಅವರು ಆಡಲಿಲ್ಲ, ಬಾಳಿ ತೋರಿಸಿದರು.

ನನ್ನ ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆ ಹತ್ತೊಂಬತ್ತು ಫ್ರಾಕು ಬಂದವು. ಹೆಚ್ಚಿನವು ಪಾಲಿಸ್ಟರ್, ಮಿಣಮಿಣ ಹೊಳೆಯುವಂಥವು. ಒಂದನ್ನು ತೊಡಿಸಿದ ದಿನ ಸಂಜೆಗೆ ಕೂಸಿನ ಕೊರಳ ಸುತ್ತ ಕೆಂಪು ಗುಳ್ಳೆಗಳೆದ್ದವು. ಕೆಲವೇ ತಿಂಗಳಲ್ಲಿ ಎಲ್ಲವೂ ಸಣ್ಣವಾದವು. ಪಾಲಿಸ್ಟರ್ ಹುಟ್ಟುವುದು ಪೆಟ್ರೋಲಿಯಂನಿಂದ. ಒಗೆದಾಗಲೆಲ್ಲ ಕಣ್ಣಿಗೆ ಕಾಣದ ಎಳೆಗಳು ಉದುರಿ ಗಟಾರದಿಂದ ಹಳ್ಳ, ಕೆರೆ ಸೇರುತ್ತವೆ. ಹತ್ತಿಯಂತೆ ಅದು ಮಣ್ಣಾಗುವುದಿಲ್ಲ. ಯಾವುದು ಎಂದು ತಿಳಿಯದಿದ್ದರೆ ಒಂದು ಎಳೆ ಕಿತ್ತು ಜಾಗರೂಕತೆಯಿಂದ ಸುಟ್ಟು ನೋಡಿ: ಹತ್ತಿ ಕಾಗದದ ವಾಸನೆ ಬಂದು ಬೂದಿಯಾಗುತ್ತದೆ, ಪಾಲಿಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ.

ಹಾಗೆಂದು ಹತ್ತಿಯೂ ಪೂರ್ತಿ ನಿರ್ದೋಷಿಯಲ್ಲ. ಒಂದು ಹತ್ತಿ ಟೀ ಶರ್ಟಿನ ಹಿಂದೆ ಸುಮಾರು 2,700 ಲೀಟರ್ ನೀರು ಇದೆ ಎಂಬ ಅಂದಾಜಿದೆ. ಹೊಲಕ್ಕೆ ಸುರಿಯುವ ಔಷಧಿಯ ಲೆಕ್ಕ ಬೇರೆ. ಆದರೆ ನಮ್ಮ ಧಾರವಾಡ ಸೀಮೆಯ ಜಯಧರ ಹತ್ತಿ ಮಳೆಯನ್ನೇ ನಂಬಿ ಬೆಳೆಯುವ ದೇಸಿ ತಳಿ. ಗರಗದಲ್ಲಿ, ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜಕ್ಕೆ ಖಾದಿ ತಯಾರಿಸಿದ ಕೈಗಳು ನಮ್ಮವೇ. ಹೆಗ್ಗೋಡಿನ ಬಳಿ ಚರಕ ಸಂಸ್ಥೆಯ ಹೆಣ್ಣುಮಕ್ಕಳು ಅಡಿಕೆ ಚೊಗರಿನಂಥ ನೈಸರ್ಗಿಕ ಬಣ್ಣ ಹಾಕಿ ಕೈಮಗ್ಗದ ಬಟ್ಟೆ ಮಾಡುತ್ತಾರೆ. ಶಕ್ತಿ ಇದ್ದವರು ಹತ್ತು ಫ್ರಾಕಿನ ಬದಲು ಇಂಥ ಎರಡು ಅಂಗಿ ಕೊಳ್ಳಿ.

ಶಕ್ತಿ ಇಲ್ಲದವರು? ಇಲ್ಲಿ ನನ್ನ ತಪ್ಪೊಂದನ್ನು ಹೇಳಬೇಕು. ನಮ್ಮ ಮನೆಗೆಲಸಕ್ಕೆ ಬರುವ ತಾಯಿಗೆ ನನ್ನ ಮೊಮ್ಮಗನ ಅಂಗಿಗಳನ್ನು ಒಂದು ಚೀಲ ತುಂಬಿ ಕೊಟ್ಟೆ. ದಾಸೋಹ ಮಾಡಿದೆ ಎಂದು ಒಳಗೊಳಗೇ ಹಿಗ್ಗಿದೆ. ಬಸವ ಜಯಂತಿಯ ದಿನ ಆಕೆಯ ಮಗ ಅದನ್ನೇ ತೊಟ್ಟು ಮಠಕ್ಕೆ ಬಂದ. ನನ್ನ ಮೊಮ್ಮಗ ಎಲ್ಲರ ಎದುರು, "ಇದು ನನ್ನ ಅಂಗಿ" ಎಂದ. ಮರುದಿನ ಆ ತಾಯಿ ಚೀಲ ತಂದು ಜಗಲಿಯ ಮೇಲಿಟ್ಟಳು. "ಅಕ್ಕಾರ, ಹುಡುಗ ಹಾಕ್ಕೊಳ್ಳಾಕ ಒಲ್ಲೆ ಅಂತಾನ್ರಿ" ಎಂದಳು. ಮತ್ತೇನೂ ಅನ್ನಲಿಲ್ಲ. ಅಂಗಿ ಹರಿದಿರಲಿಲ್ಲ, ಮಾಸಿರಲಿಲ್ಲ. ಅದರೊಳಗೆ 'ನಾನು ಕೊಟ್ಟೆ' ಎಂಬುದಿತ್ತು. ಅದು ಪಾಲಿಸ್ಟರಿಗಿಂತ ಹೆಚ್ಚು ಚುಚ್ಚುತ್ತದೆ.

ಆ ರಾತ್ರಿ ಅನುಭವ ಮಂಟಪ ನೆನಪಾಯಿತು. ನೂಲಲು ಕದಿರ ರೆಮ್ಮವ್ವೆ, ನೇಯಲು ಅಮುಗೆ ದೇವಯ್ಯ, ಹೊಲಿಯಲು ಸೂಜಿಕಾಯಕದ ರಾಮಿತಂದೆ, ಒಗೆಯಲು ಮಡಿವಾಳ ಮಾಚಿದೇವ. ಒಂದು ಬಟ್ಟೆಯ ಹಾದಿಯಲ್ಲಿ ಉದ್ದಕ್ಕೂ ಶರಣರಿದ್ದಾರೆ. ಅವರಲ್ಲಿ ಮೇಲಿನವರು ಯಾರು, ಕೆಳಗಿನವರು ಯಾರು? ಅಂಥ ಬಟ್ಟೆಯನ್ನು ನಾನು ಮೇಲೆ ನಿಂತು ಕೆಳಗೆ ಚಾಚಿದ್ದೆ.

ಪೂಜ್ಯರಲ್ಲಿ ಹೋಗಿ ಹೇಳಿಕೊಂಡೆ. ಅವರು ದಾಸೋಹ ಮನೆಯ ಪಕ್ಕದ ಕೋಣೆಯಲ್ಲಿ ಒಂದು ಕಪಾಟು ಕೊಟ್ಟರು. ಒಗೆದು, ಗುಂಡಿ ಹಚ್ಚಿ, ಹೆಸರಿಲ್ಲದೆ ಮಕ್ಕಳ ಬಟ್ಟೆ ಇಡುವುದು. ಬೇಕಾದವರು ಕೇಳದೆ ಒಯ್ಯುವುದು. ಒಂದೇ ನಿಯಮ: ಇಡುವವರೂ ಅಲ್ಲಿಂದ ಒಯ್ಯಬೇಕು. ಮೊದಲು ಒಯ್ದವಳು ನಾನು. ಯಾರದೋ ಮನೆಯ ನೀಲಿ ಅಂಗಿಯನ್ನು ನನ್ನ ಮೊಮ್ಮಗ ಈ ವರ್ಷ ಶಾಲೆಗೆ ತೊಟ್ಟು ಹೋಗುತ್ತಿದ್ದಾನೆ. ಮೊದಲ ದಿನ ಅತ್ತ. ಆ ಅಳು ನಮ್ಮ ಮನೆಗೆ ಬೇಕಿತ್ತು. ಹೋದ ತಿಂಗಳು ಆ ತಾಯಿಯೂ ಬಂದು ಎರಡು ಅಂಗಿ ಇಟ್ಟು, ಒಂದು ಸ್ವೆಟರ್ ಒಯ್ದಳು.

ತಾಯಂದಿರಲ್ಲಿ ನನ್ನ ವಿನಂತಿ ಇಷ್ಟು. ಹೊಲಿಸುವಾಗ ಒಳಗೆ ಎರಡು ಬೆರಳು ಮಡಿಕೆ ಬಿಡಿಸಿ, ಅಂಗಿ ಇನ್ನೊಂದು ವರ್ಷ ಬರುತ್ತದೆ. ಹೊಸದನ್ನು ಒಗೆದೇ ತೊಡಿಸಿ. ತೊಟ್ಟಿಲ ಕಾರ್ಯಕ್ಕೆ ಫ್ರಾಕಿನ ಬದಲು ಒಂದು ಕೌದಿ ಒಯ್ಯಿರಿ. ಎಲ್ಲಕ್ಕಿಂತ ಭೂಮಿಗೆ ಹಗುರವಾದ ಅಂಗಿ ಈಗಾಗಲೇ ಹೊಲಿದಿರುವ ಅಂಗಿ. ಅದು ಮನೆಯಿಂದ ಮನೆಗೆ ನಾಚಿಕೆಯಿಲ್ಲದೆ ನಡೆಯಬೇಕಾದರೆ ನಾವು ಕೊಡುವುದರ ಜೊತೆಗೆ ತೆಗೆದುಕೊಳ್ಳುವುದನ್ನೂ ಕಲಿಯಬೇಕು.

ಗೋಷ್ಠಿ ಮುಗಿದ ಮೇಲೆ ಕಪಾಟಿನ ಬಾಗಿಲು ತೆರೆದಿರುತ್ತದೆ.