ಇಲಿಯ ಪುಪ್ಪುಸದ ಜಂತು ಮತ್ತು ನಮ್ಮ ಮಳೆಗಾಲ
(ಉಪನ್ಯಾಸದ ಬರಹ ರೂಪ)



ಕಾಡಿನ ಬಗ್ಗೆ ಮಾತನಾಡುವಾಗ ನಾವು ಹುಲಿ, ಆನೆ, ಸಿಂಗಳೀಕಗಳನ್ನು ನೆನೆಯುತ್ತೇವೆ. ಇಂದು ನಾನು ಕಾಡಂಚಿನ ಇಲಿಯ ಒಡಲಲ್ಲಿ ಬದುಕುವ ಒಂದು ಜಂತುವಿನ ಕುರಿತು ಹೇಳಬಯಸುತ್ತೇನೆ. ಅದರ ಬಾಳಿನ ದಾರಿ ನಮ್ಮ ಹಿತ್ತಿಲನ್ನು ಹಾದುಹೋಗಬಲ್ಲದು.

ಇದರ ಶಾಸ್ತ್ರೀಯ ನಾಮ ಆಂಜಿಯೋಸ್ಟ್ರಾಂಗೈಲಸ್ ಕ್ಯಾಂಟನೆನ್ಸಿಸ್. 1935ರಲ್ಲಿ ಚೀನಾದ ಕ್ಯಾಂಟನ್ ನಗರದ ಇಲಿಗಳಲ್ಲಿ ಚೆನ್ ಎಂಬ ವಿಜ್ಞಾನಿ ಇದನ್ನು ಗುರುತಿಸಿದರು. ಹೆಣ್ಣುಜಂತು ಕೆಂಪು-ಬಿಳಿ ಎಳೆಗಳನ್ನು ಹೊಸೆದ ನೂಲಿನಂತೆ ಕಾಣುತ್ತದೆ. ಇಲಿ, ಹೆಗ್ಗಣಗಳ ಪುಪ್ಪುಸದ ರಕ್ತನಾಳದಲ್ಲಿ ಅದರ ವಾಸ. ಅಲ್ಲಿ ಮೊಟ್ಟೆಯೊಡೆದ ಮರಿಗಳು ಗಂಟಲಿಗೇರಿ, ನುಂಗಲ್ಪಟ್ಟು, ಹಿಕ್ಕೆಯೊಡನೆ ಹೊರಬೀಳುತ್ತವೆ. ಆ ಹಿಕ್ಕೆಯನ್ನು ಬಸವನಹುಳು ತಿನ್ನುತ್ತದೆ. ಅದರ ಮೈಯಲ್ಲಿ ಮರಿಗಳು ಎರಡು ಮೂರು ವಾರ ಬೆಳೆಯುತ್ತವೆ. ಆ ಬಸವನಹುಳುವನ್ನು ಇನ್ನೊಂದು ಇಲಿ ತಿಂದರೆ ಮರಿಗಳು ಮೊದಲು ಮೆದುಳಿಗೂ, ಬಳಿಕ ಪುಪ್ಪುಸಕ್ಕೂ ಸಾಗಿ ಚಕ್ರವನ್ನು ಪೂರ್ಣಗೊಳಿಸುತ್ತವೆ.

ಮನುಷ್ಯ ಈ ಚಕ್ರದವನಲ್ಲ. ಬಸವನಹುಳುವಿನ ಚೂರೊಂದು ನಮ್ಮ ಹೊಟ್ಟೆ ಸೇರಿದರೆ ಮರಿಗಳು ಮೆದುಳಿನವರೆಗೆ ಬಂದು ಸಾಮಾನ್ಯವಾಗಿ ಅಲ್ಲಿಯೇ ಸಾಯುತ್ತವೆ. ಆಗ ಮೆದುಳಿನ ಪೊರೆ ಊದಿಕೊಳ್ಳುತ್ತದೆ. ಸಾಮಾನ್ಯವಾಗಿ ಒಂದರಿಂದ ಮೂರು ವಾರದೊಳಗೆ ತೀವ್ರ ತಲೆನೋವು, ವಾಂತಿ, ಕತ್ತು ಸೆಟೆದುಕೊಳ್ಳುವುದು, ಚರ್ಮದಲ್ಲಿ ಜುಮುಗುಡುವ ಉರಿ ತೋರಬಹುದು. ಬಹುಪಾಲು ಜನ ಚೇತರಿಸಿಕೊಳ್ಳುತ್ತಾರೆ. ಕೆಲವರಿಗೆ ಜೀವಕ್ಕೇ ಕುತ್ತು. ಮನುಷ್ಯನಲ್ಲಿ ಇದು ಮೊದಲು ಕಂಡುಬಂದದ್ದು 1945ರಲ್ಲಿ, ತೈವಾನಿನಲ್ಲಿ. ನೆರೆಯ ಕೇರಳದಲ್ಲಿ ಮಕ್ಕಳಲ್ಲೂ ಈ ಬೇನೆ ವರದಿಯಾಗಿದೆ.

ಇದಕ್ಕೆ ಇಲಿಯನ್ನೋ ಕಾಡನ್ನೋ ದೂರಬೇಕೇ? ಅದಕ್ಕೆ ಮೊದಲು ಒಂದು ಇತಿಹಾಸವನ್ನು ಗಮನಿಸಿ. ಆಫ್ರಿಕಾದ ದೈತ್ಯ ಬಸವನಹುಳು ತಾನಾಗಿ ಇಲ್ಲಿಗೆ ಬಂದುದಲ್ಲ. 1847ರಲ್ಲಿ ಬೆನ್ಸನ್ ಎಂಬ ಆಂಗ್ಲ ಸಂಗ್ರಾಹಕರು ಮಾರಿಷಸ್‌ನಿಂದ ಕಲ್ಕತ್ತೆಗೆ ಅದನ್ನು ತಂದರು. ಅದು ಇಂದು ಕೊಡಗಿನ ಶನಿವಾರಸಂತೆ ಸುತ್ತಲಿನ ಕಾಫಿ ತೋಟಗಳವರೆಗೆ ಬಂದು ರೈತರನ್ನು ಕಂಗೆಡಿಸಿದೆ. ಈ ಜಂತುವಿಗೆ ಅದು ಬಹಳ ಒಗ್ಗುವ ಆಸರೆ. ಇಲಿಗೂ ನಮಗೂ ನಡುವಿನ ಸೇತುವೆಯನ್ನು ಅಗಲಿಸಿದವನು ಮನುಷ್ಯನೇ.

ಇನ್ನೊಂದು ಸೇತುವೆ ಉಡ. ಬಸವನಹುಳುವನ್ನು ತಿಂದ ಉಡದ ಮೈಯಲ್ಲಿ ಮರಿಗಳು ಜೀವಂತ ಉಳಿಯುತ್ತವೆ. ಔಷಧಿಯೆಂದು ನಂಬಿ ಉಡದ ಹಸಿಮಾಂಸ ತಿಂದ ಹಲವರು ಕೇರಳದಲ್ಲಿ ಈ ಬೇನೆಗೆ ತುತ್ತಾಗಿದ್ದಾರೆ. ಉಡವನ್ನು ಕೊಲ್ಲುವುದು ಕಾನೂನಿನಂತೆ ಅಪರಾಧ, ಮೈಗೂ ಅಪಾಯ.

ಹಾಗಾದರೆ ನಮ್ಮ ಕರ್ತವ್ಯವೇನು? ಒಂದೆಲಗದ ತಂಬುಳಿಯನ್ನು ಬಿಡಬೇಕಾಗಿಲ್ಲ. ಆದರೆ ಮಳೆಗಾಲದಲ್ಲಿ ತೋಡಿನಂಚಿನಿಂದ ಕಿತ್ತ ಹಸಿಸೊಪ್ಪಿನಲ್ಲಿ ಚಿಪ್ಪಿಲ್ಲದ ಸಣ್ಣ ಹುಳು ಅಂಟಿರಬಹುದು. ಆದ್ದರಿಂದ ಒಂದೊಂದೇ ಎಲೆಯನ್ನು ಬಿಡಿಸಿ ಹರಿವ ನೀರಿನಲ್ಲಿ ತೊಳೆಯಿರಿ; ಸಂಶಯವಿದ್ದರೆ ಬೇಯಿಸಿರಿ. ನೀರಿನ ತೊಟ್ಟಿಯನ್ನು ಮುಚ್ಚಿಡಿ, ಏಕೆಂದರೆ ಮುಳುಗಿ ಸತ್ತ ಹುಳುವಿನಿಂದ ಮರಿಗಳು ನೀರಿಗಿಳಿಯುತ್ತವೆ. ಏಡಿ, ಸೀಗಡಿಗಳನ್ನು ಚೆನ್ನಾಗಿ ಬೇಯಿಸಿರಿ. ದೈತ್ಯ ಬಸವನಹುಳುವನ್ನು ಬರಿಗೈಯಲ್ಲಿ ಮುಟ್ಟಬೇಡಿ, ಕಾಲಲ್ಲಿ ಹೊಸಕಬೇಡಿ. ಕೈಗವಸು ತೊಟ್ಟು ಆರಿಸಿ, ಉಪ್ಪುನೀರಿನಲ್ಲಿ ಕೊಂದು ಹೂಳಿರಿ. ತಲೆನೋವು ಬಿಡದಿದ್ದರೆ ತಡಮಾಡದೆ ವೈದ್ಯರ ಬಳಿ ಹೋಗಿ, ಹಸಿಸೊಪ್ಪು ತಿಂದುದನ್ನೂ ಹುಳು ಮುಟ್ಟಿದುದನ್ನೂ ತಿಳಿಸಿರಿ.

ವಿದ್ಯಾರ್ಥಿಗಳಿಗೆ ಒಂದು ಮಾತು. ಕಂಡ ಬಸವನಹುಳುಗಳನ್ನೆಲ್ಲ ಕೊಲ್ಲಬೇಡಿ. ಪಶ್ಚಿಮ ಘಟ್ಟಗಳಲ್ಲಿ ನೂರಾರು ಜಾತಿಯ ನೆಲದ ಬಸವನಹುಳುಗಳಿವೆ. ಅವುಗಳಲ್ಲಿ ಬಹುಪಾಲು ಜಗತ್ತಿನ ಬೇರೆಲ್ಲೂ ಇಲ್ಲ. ಅಂಗೈಯಷ್ಟುದ್ದದ, ಕಂದುಗೆರೆಗಳ, ಚೂಪು ಚಿಪ್ಪಿನ ಪರಕೀಯನನ್ನು ಗುರುತಿಸಲು ಮೊದಲು ಕಲಿಯಿರಿ. ಹಾಗೆಯೇ ಇಲಿಗಳಿಗೆ ವಿಷವಿಡುವ ಮುನ್ನ ಯೋಚಿಸಿರಿ. ವಿಷವುಂಡ ಇಲಿಯನ್ನು ತಿಂದ ಗೂಬೆಯೂ ಸಾಯಬಹುದು. ಪ್ರತಿ ರಾತ್ರಿ ಕೂಲಿ ಕೇಳದೆ ಇಲಿ ಹಿಡಿಯುವ ಗೂಬೆ, ಹಗಲಲ್ಲಿ ಅದೇ ಕೆಲಸ ಮಾಡುವ ಕೇರೆಹಾವುಗಳನ್ನು ಕಳೆದುಕೊಂಡ ಊರಿಗೆ ಉಳಿಯುವುದು ಇಲಿ ಮಾತ್ರ.

ಜಂತುವಿಗೆ ನಮ್ಮ ಮೇಲೆ ಹಗೆಯಿಲ್ಲ. ಅದು ತನ್ನ ದಾರಿಯಲ್ಲಿ ನಡೆಯುತ್ತಿದೆ. ಆ ದಾರಿಯನ್ನು ತಿಳಿದುಕೊಂಡು, ಅದಕ್ಕೆ ಅಡ್ಡ ಬಾರದಂತೆ ಬಾಳುವ ವಿವೇಕ ನಮ್ಮದಾಗಲಿ.