ದಂಡಿನಲ್ಲಿ ಹುಟ್ಟಿದ ಇಲ್ಲದ ದೇಶ

ಇಲ್ಲದ ದೇಶಗಳು ನಮಗೆ ಹೊಸವಲ್ಲ. ಏಳು ಸಮುದ್ರದಾಚೆಯ ರಾಜ್ಯಗಳನ್ನು ಅಜ್ಜಿಯ ಮಡಿಲಲ್ಲಿ ಮಲಗಿಯೇ ಸುತ್ತಿ ಬಂದವರು ನಾವು. ಆದರೆ ಅಂಥದೊಂದು ದೇಶ ಬೆಂಗಳೂರಿನ ದಂಡಿನಲ್ಲಿಯೇ ಹುಟ್ಟಿತೆಂದರೆ ಕೆಲವರಿಗಾದರೂ ಅಚ್ಚರಿಯಾದೀತು. ಅದರ ಹೆಸರು ಲಾರೇನಿಯ. ಅದನ್ನು ಕಟ್ಟಿದವರು ಮುಂದೆ ಇಂಗ್ಲೆಂಡಿನ ಪ್ರಧಾನಿಯಾದ ವಿನ್‌ಸ್ಟನ್ ಚರ್ಚಿಲ್ಲರು.

1896ರಲ್ಲಿ ನಾಲ್ಕನೆಯ ಹುಸ್ಸಾರ್ ಕುದುರೆ ಪಡೆಯೊಡನೆ ಇಲ್ಲಿಗೆ ಬಂದಾಗ ಅವರ ವಯಸ್ಸು ಇಪ್ಪತ್ತೊಂದು. ಇಬ್ಬರು ಗೆಳೆಯರೊಡನೆ ಒಂದು ಬಂಗಲೆಯ ವಾಸ; ಬೆಳಗ್ಗೆ ಕವಾಯತು, ಸಂಜೆ ಪೋಲೊ. ನಡುವಿನ ಬಿಸಿಲು ಹೊತ್ತಿಗೆ ತಾಯಿ ಕಳುಹಿಸಿದ ಗಿಬ್ಬನ್, ಮೆಕಾಲೆಯರ ಸಂಪುಟಗಳು. ಗುಲಾಬಿ ಬೆಳೆಸಿದರು, ಚಿಟ್ಟೆ ಕೂಡಿಹಾಕಿದರು. ಆ ಚಿಟ್ಟೆಗಳನ್ನು ಒಂದು ಇಲಿ ತಿಂದುಹಾಕಿತಂತೆ! 1897ರಲ್ಲಿ 'ಸಾವ್ರೋಲ' ಎಂಬ ಕಾದಂಬರಿಗೆ ಕೈಹಾಕಿ ಮರುವರ್ಷ ಮುಗಿಸಿದರು. 1900ರಲ್ಲಿ ಅದು ಪುಸ್ತಕವಾಯಿತು. ಮೆಡಿಟರೇನಿಯನ್ ತೀರದ ಕಲ್ಪಿತ ಗಣರಾಜ್ಯ, ಅಲ್ಲೊಬ್ಬ ಸರ್ವಾಧಿಕಾರಿ, ಅವನ ವಿರುದ್ಧ ದಂಗೆ. ಇದನ್ನು ಓದಬೇಡಿರೆಂದು ಗೆಳೆಯರನ್ನು ಬೇಡಿಕೊಳ್ಳುತ್ತಿದ್ದೆನೆಂದು ಮುಂದೆ ಅವರೇ ಬರೆದುಕೊಂಡರು.

ನಾನಂತೂ ಓದಿದೆ. ಸಪ್ಪೆಯೆನಿಸಿದ್ದು ಕಲ್ಪನೆಯ ಕೊರತೆಯಿಂದಲ್ಲ, ನೋಟದ ಕೊರತೆಯಿಂದ. ಹಲಸೂರಿನ ಸೋಮೇಶ್ವರನ ಗುಡಿಯಾಗಲಿ ಕೆರೆಯಾಗಲಿ ಅದರಲ್ಲಿಲ್ಲ. ಬಂಗಲೆಯ ಬಟ್ಲರನಾಗಲಿ, ಕುದುರೆಯ ಕಾಸ್ತಾರನಾಗಲಿ ವೇಷ ಮರೆಸಿಕೊಂಡಾದರೂ ಲಾರೇನಿಯಕ್ಕೆ ಹೋಗಲಿಲ್ಲ. ಬರಹ ಮುಗಿದ ಆ 1898ರಲ್ಲಿಯೇ ಬೆಂಗಳೂರಿಗೆ ಪ್ಲೇಗು ಬಂತು. ಜನ ಮನೆ ಬಿಟ್ಟು ಓಡಿದರು. ಇಕ್ಕಟ್ಟಿನ ಬೀದಿಗಳ ಭಯದಿಂದ ಮುಂದೆ ಫ್ರೇಜರ್ ಟೌನಿನಂಥ ಬಡಾವಣೆಗಳೆದ್ದವು. ಲಾರೇನಿಯದ ದಂಗೆ ಇದರ ಮುಂದೆ ಮಕ್ಕಳಾಟ.

ಅದೇ ಲೇಖನಿ ಮೂವತ್ತು ವರ್ಷಗಳ ಮೇಲೆ ಸಣ್ಣ ಬರಹಗಳಲ್ಲಿ ಗೆದ್ದಿತು. 1931ರಲ್ಲಿ ಸ್ಕ್ವೈರ್ ಎಂಬವರು ನಡೆಯದೆ ಹೋದ ಇತಿಹಾಸಗಳ ಸಂಕಲನವೊಂದನ್ನು ತಂದರು. ಅಮೆರಿಕದ ಅಂತರ್ಯುದ್ಧದಲ್ಲಿ ಗೆಟಿಸ್‌ಬರ್ಗಿನ ಕದನವನ್ನು ದಕ್ಷಿಣದ ಸೇನಾಪತಿ ಲೀ ಸೋತದ್ದು ಎಲ್ಲರೂ ಬಲ್ಲ ಸಂಗತಿ. ಚರ್ಚಿಲ್ಲರು ಅವನು ಗೆದ್ದ ಲೋಕದಲ್ಲಿ ಕುಳಿತು, 'ಒಂದು ವೇಳೆ ಸೋತಿದ್ದರೆ?' ಎಂದು ಕೇಳಿದರು! 1932ರ ಅವರದೇ ಪ್ರಬಂಧ ಸಂಕಲನದಲ್ಲಿ ಇನ್ನೈವತ್ತು ವರ್ಷಗಳಾಚೆಯ ಲೋಕದ ಚಿತ್ರವಿದೆ. ಎದೆ, ರೆಕ್ಕೆಗಳನ್ನಷ್ಟೇ ತಿನ್ನುವುದಕ್ಕೆ ಇಡೀ ಕೋಳಿಯನ್ನೇಕೆ ಸಾಕಬೇಕು, ಬೇಕಾದ ಭಾಗವನ್ನೇ ಬೇರೆಯಾಗಿ ಬೆಳೆಸಬಹುದಲ್ಲ ಎಂಬುದು ಅಲ್ಲಿಯ ಒಂದು ಮಾತು. ಇದು ಊಟದ ತಟ್ಟೆಯಿಂದ ಹೊರಟ ಕಲ್ಪನೆ. ಆದ್ದರಿಂದಲೇ ಮನಸ್ಸಿನಲ್ಲಿ ನಿಲ್ಲುತ್ತದೆ. ಹಾಗೆ ಬೆಳೆಸಿದ ಕೋಳಿಮಾಂಸದ ಮಾರಾಟಕ್ಕೆ ಸಿಂಗಪುರದಲ್ಲಿ ಅನುಮತಿ ದೊರೆತದ್ದು 2020ರಲ್ಲಿ. ಅವರ ಲೆಕ್ಕ ಸುಮಾರು ನಲವತ್ತು ವರ್ಷವಷ್ಟೇ ತಪ್ಪಿತ್ತು.